ಮಂತ್ರಿ ಪಕ್ಕದಲ್ಲಿ ನಿಂತ ವರ

ಆಗೆಲ್ಲ ಪ್ರಪಂಚದ ಸುದ್ದಿ ನಮ್ಮ ಯಗಟಿಗೆ ಕಡೂರಿನ ಬಸ್ಸಿನಲ್ಲಿ ಬರುತ್ತಿತ್ತು. ಕಂಡಕ್ಟರು ಪೇಪರಿನ ಕಟ್ಟನ್ನು ಕಾಫಿ ಹೋಟೆಲಿನ ಮುಂದೆ ಎಸೆದು ಹೋಗುತ್ತಿದ್ದ. ಅಲ್ಲಿ ಹತ್ತಾರು ಕೈ ದಾಟಿ, ಒಂದೆರಡು ಕಡೆ ಚಟ್ನಿ ಮೆತ್ತಿಕೊಂಡು ಅದು ನಮ್ಮ ಜಗಲಿಗೆ ಬರುವಷ್ಟರಲ್ಲಿ ಮಾರನೆಯ ದಿನದ ಮಧ್ಯಾಹ್ನವಾಗುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಐದನೇ ಕ್ಲಾಸು.

ಪೇಪರು ಓದುವುದು ನನ್ನ ಕೆಲಸ. ನಂಬದಿರುವುದು ಅಜ್ಜಿಯ ಕೆಲಸ. ಅಜ್ಜಿ ಮೊರದಲ್ಲಿ ಹುರುಳಿಕಾಳು ಹರಡಿಕೊಂಡು ಕಲ್ಲು ಆರಿಸುತ್ತ ಕೂರುತ್ತಿದ್ದಳು. ಅಪ್ಪನ ತಂಗಿ ಸರೋಜತ್ತೆ ಪಕ್ಕದಲ್ಲಿ ಕೊಬ್ಬರಿ ಬಿಡಿಸುತ್ತಿದ್ದಳು. “ರಾಜೀನಾಮೆ ಕೊಡುವ ಪ್ರಶ್ನೆಯೇ ಇಲ್ಲ ಎಂದು ಮಂತ್ರಿಗಳು ಹೇಳಿದರು” ಎಂದು ನಾನು ಓದಿದರೆ, ಅಜ್ಜಿ ತಲೆ ಎತ್ತದೆ, “ಹಂಗಾದ್ರೆ ಗಂಟುಮೂಟೆ ಕಟ್ಟಿ ಆಗೈತೆ” ಅನ್ನುತ್ತಿದ್ದಳು. ಒಬ್ಬ ನಟಿ “ನಾವು ಬರೀ ಸ್ನೇಹಿತರು” ಅಂದರೆ, “ಆಷಾಢ ಕಳೀಲಿ ಅಂತ ಕಾಯ್ತಾವ್ರೆ.” ಒಬ್ಬ ನಾಯಕನಟ ಬೆಳಗಿನ ಹೊತ್ತು ರಾಗಿ ಅಂಬಲಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲವೆಂದು ಬರೆದಿತ್ತು. ಅಜ್ಜಿ ಪೇಪರು ಕಸಿದುಕೊಂಡು ಅವನ ಪಟವನ್ನು ಬಿಸಿಲಿಗೆ ಹಿಡಿದಳು. “ಅಂಬಲಿ ಕುಡ್ದೋನ ಕೆನ್ನೆ ಹಿಂಗಿರ್ತೈತಾ? ನಿಮ್ಮಪ್ಪನ ಮುಖ ನೋಡೇ!” ಸರೋಜತ್ತೆ ನಕ್ಕು ನಕ್ಕು ಕೊಬ್ಬರಿ ಚೂರು ಗಂಟಲಿಗೆ ಸಿಕ್ಕಿಸಿಕೊಂಡಳು.

ಆ ಬೇಸಿಗೆಯಲ್ಲಿ ಅನುಮಾನ ಪೇಪರಿನಿಂದ ಇಳಿದು ಮನೆಯೊಳಕ್ಕೆ ಬಂತು. ದೂರದ ನೆಂಟ ಬಸಣ್ಣ ಸರೋಜತ್ತೆಗೆ ಒಂದು ಸಂಬಂಧ ತಂದರು. ವರ ಅಜ್ಜಂಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ನಾಗರಾಜ. ಬಸಣ್ಣ ಅಂಗಡಿಯ ವಿಷಯವನ್ನು ಅರ್ಧ ಮಾತಿನಲ್ಲಿ ಮುಗಿಸಿ, ಚೀಲದಿಂದ ಒಂದು ಫೋಟೋ ತೆಗೆದರು. ಹಾರ ಹಾಕಿಕೊಂಡ ಒಬ್ಬ ಮಂತ್ರಿ, ಪಕ್ಕದಲ್ಲೇ ಹಲ್ಲು ಬಿಟ್ಟುಕೊಂಡು ನಿಂತ ನಾಗರಾಜ.

“ಇವನನ್ನ ಒಂದ್ಮಾತು ಕೇಳ್ದೆ ಮಂತ್ರಿಗಳು ಅಜ್ಜಂಪುರಕ್ಕೆ ಕಾಲಿಡಲ್ಲ ಕಣ್ರೀ” ಅಂದರು ಬಸಣ್ಣ.

ಅಪ್ಪನ ಕಣ್ಣು ಅರಳಿತು. ನಮ್ಮ ತೆಂಗಿನ ತೋಟದ ಬಾವಿಗೆ ಕರೆಂಟು ಬೇಕೆಂದು ಅವನು ಅಲೆಯುತ್ತಿದ್ದದ್ದು ಎಷ್ಟು ದಿನದಿಂದಲೋ. ಮಂತ್ರಿಯ ಒಂದು ಮಾತು ಸಾಕಲ್ಲ! ಅಜ್ಜಿ ಮಾತ್ರ ಫೋಟೋವನ್ನು ಆ ನಟನ ಪಟದಂತೆಯೇ ಬಿಸಿಲಿಗೆ ಹಿಡಿದಳು.

“ಇವನು ನಗ್ತಾವ್ನೆ, ಅವ್ರು ನಗ್ತಿಲ್ಲ. ಅದಿರ್ಲಿ, ಇವನ ಎದೆ ಮೇಲೊಂದು ಕೈ ಐತಲ್ಲ, ಅದ್ಯಾರ್ದು?”

“ಯಾರೋ ಪ್ರೀತಿಯಿಂದ ಇಟ್ಟವ್ರೆ ಕಣವ್ವ” ಅಂದ ಅಪ್ಪ.

“ಪ್ರೀತಿ ಕೈ ಹಿಂಗೆ ಬೆರಳು ಬಿರಿಯಲ್ಲ ಕಣೋ. ತಳ್ಳೋ ಕೈ ಹಿಂಗಿರ್ತೈತೆ.”

ಅದೇ ವಾರ ಆ ಮಂತ್ರಿ ತರೀಕೆರೆಗೆ ಒಂದು ಕಟ್ಟಡದ ಉದ್ಘಾಟನೆಗೆ ಬರುವುದಿತ್ತು. ಜೊತೆಗೆ ಒಬ್ಬ ಸಿನಿಮಾ ನಟಿಯೂ ಬರುತ್ತಾಳಂತೆ. ನಾಗರಾಜ ಅಲ್ಲೇ ಸಿಗುತ್ತಾನೆ, ಮಂತ್ರಿಗಳನ್ನು ಮಾತಾಡಿಸಿ ಕರೆಂಟಿನ ವಿಷಯ ತೆಗೆಯುತ್ತಾನೆ ಎಂದು ಬಸಣ್ಣ ಹೇಳಿ ಕಳಿಸಿದರು. ಅಪ್ಪ ಒಬ್ಬನೇ ಹೊರಟಿದ್ದ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ನಿಂತಳು. “ನಾನೂ ಬತ್ತೀನಿ. ಸರೋಜಿನೂ ಬರ್ಲಿ. ನಟಿ ನೋಡೋಕೆ ಅಂದ್ರಾಯ್ತು.” ನಾನು ಕೇಳದೆಯೇ ಬಸ್ಸು ಹತ್ತಿ ಕೂತಿದ್ದೆ.

ಕಡೂರಿನಲ್ಲಿ ಬಸ್ಸು ಬದಲಾಯಿಸಿ ತರೀಕೆರೆ ತಲುಪಿದಾಗ ಉರಿಬಿಸಿಲು. ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲಿನ ವಾಸನೆ, ಡೀಸೆಲ್ ಹೊಗೆ. ಗಂಜಿ ಹಾಕಿದ ಬಿಳಿ ಷರಟಿನಲ್ಲಿ ನಾಗರಾಜ ಕಾಯುತ್ತಿದ್ದ. ನಮಗೆಲ್ಲ ಮೆಣಸಿನಕಾಯಿ ಬೋಂಡ ಕೊಡಿಸಿದ, ತಾನು ತಿನ್ನಲಿಲ್ಲ. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಇತ್ತು. ಅದನ್ನು ಮರೆಮಾಡಲು ಕೈಯನ್ನು ಹಿಂದೆ ಕಟ್ಟಿಕೊಂಡಿದ್ದ. ಅಜ್ಜಿ ಅದನ್ನು ನೋಡಿದಳು. ಅತ್ತೆಯೂ ನೋಡಿದಳು.

ನಟಿ ಬರಲಿಲ್ಲ. “ಮೈಯಲ್ಲಿ ಹುಷಾರಿಲ್ಲವಂತೆ” ಎಂದು ಮೈಕಿನಲ್ಲಿ ಕೂಗಿದರು. “ಬತ್ತಾಳೆ ಅಂದಿದ್ರಲ್ಲಾ, ಅವತ್ತೇ ಗೊತ್ತಿತ್ತು” ಅಂದಳು ಅಜ್ಜಿ. ಮಂತ್ರಿ ಬಂದರು. ಜೀಪುಗಳು, ಧೂಳು, ಜೈಕಾರ. ಅಪ್ಪ ನಾಗರಾಜನ ಬೆನ್ನಿಗೆ ಕೈ ಹಚ್ಚಿದ. “ಹೋಗಿ ಮಾತಾಡ್ಸಿ. ನಾವು ಹಿಂದೇನೇ ಬತ್ತೀವಿ.”

ನಾಗರಾಜ ಒಮ್ಮೆ ನಮ್ಮ ಕಡೆ ನೋಡಿದ. ಆಮೇಲೆ ಜನರ ನಡುವೆ ನುಗ್ಗಿ ಮಂತ್ರಿಯ ಎದುರು ಕೈ ಮುಗಿದು ನಿಂತ. “ಸಾರ್, ನಾನು ಅಜ್ಜಂಪುರದ ನಾಗರಾಜ…”

ಮಂತ್ರಿ ಅವನ ಮುಖ ನೋಡಲಿಲ್ಲ. ಕೊರಳಿನ ಹಾರಗಳನ್ನೆಲ್ಲ ತೆಗೆದು ಅವನ ಎರಡೂ ಕೈಗೆ ಹೇರಿ, “ತಗೋ, ಜೀಪಲ್ಲಿ ಹಾಕು” ಅಂದು ವೇದಿಕೆ ಹತ್ತಿದರು.

ಅವನು ಹಾರಗಳನ್ನು ಜೀಪಿನಲ್ಲಿಟ್ಟ. ಅಪ್ಪನ ಮುಖ ಕಪ್ಪಿಟ್ಟಿತ್ತು. ನಾಗರಾಜ ಹಾಗೇ ಓಡಿಹೋಗಬಹುದಿತ್ತು. ಅಷ್ಟು ಜನರಲ್ಲಿ ಯಾರು ಹುಡುಕುತ್ತಿದ್ದರು? ಆದರೆ ನೇರ ನಮ್ಮ ಹತ್ತಿರ ಬಂದು, ಅಜ್ಜಿ ಕೂತಿದ್ದ ಕಲ್ಲಿನ ಪಕ್ಕ ನೆಲದಲ್ಲೇ ಕುಳಿತ. ಬಿಳಿ ಷರಟಿನ ತುಂಬ ಚೆಂಡುಹೂವಿನ ಹಳದಿ.

“ಅವ್ವಾ, ಮಂತ್ರಿಗಳಿಗೆ ನಾನ್ಯಾರೂಂತ ಗೊತ್ತಿಲ್ಲ. ಆ ಫೋಟೋ ತೆಗೆದಾಗ ಪೊಲೀಸ್ನೋರು ನನ್ನನ್ನ ತಳ್ತಿದ್ರು. ಬಸಣ್ಣೋರು ಹಂಗೆ ಹೇಳ್ತಾರೆ ಅಂತ ಗೊತ್ತಿದ್ರೂ ನಾನು ಬ್ಯಾಡ ಅನ್ಲಿಲ್ಲ. ತಪ್ಪಾಯ್ತು. ಮೋಟಾರು ರಿಪೇರಿ ಬತ್ತದೆ. ಅದು ಮಾತ್ರ ನಿಜ.”

“ನೀವು ಇನ್ನು ಹೊರಡಿ” ಅಂದ ಅಪ್ಪ.

ವಾಪಸು ಬರುವಾಗ ಬಸ್ಸು ಬೀರೂರು ದಾಟಿತು. ಆಮೇಲೆ ಸರೋಜತ್ತೆ ಕಿಟಕಿಯ ಕಡೆ ನೋಡುತ್ತಲೇ, “ಅಣ್ಣಾ, ನಂಗೆ ಈ ಸಂಬಂಧ ಒಪ್ಪಿಗೆ” ಅಂದಳು.

“ತಲೆ ಕೆಟ್ಟೈತಾ? ಸುಳ್ಳು ಹೇಳ್ದೋನು ಅವನು!”

“ಹೇಳ್ದ. ಆಮೇಲೆ ಬಂದು ಕೂತ್ಕಂಡು ಸುಳ್ಳು ಅಂತ ಒಪ್ಕಂಡ.” ಅತ್ತೆ ಅಜ್ಜಿಯ ಕಡೆ ತಿರುಗಿದಳು. “ಅವ್ವಾ, ಇಷ್ಟು ವರ್ಷ ಪೇಪರ್ ಓದಿಸ್ಕಂಡು ಕೇಳಿದ್ದೀಯಲ್ಲ. ಹಂಗೆ ಒಪ್ಕಂಡೋರು ಒಬ್ರಾದ್ರೂ ಬಂದವ್ರಾ ಅದ್ರಲ್ಲಿ?”

ಅಜ್ಜಿ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸುತ್ತ, “ಅಜ್ಜಂಪುರಕ್ಕೆ ಬಸ್ ಚಾರ್ಜ್ ಎಷ್ಟಾಗ್ತೈತೆ?” ಅಂದಳು.

ಬರೀ ಕೇಳಿ ಬಿಡಲಿಲ್ಲ ಅವಳು. ಅಜ್ಜಂಪುರಕ್ಕೆ ಹೋಗಿ ಅಂಗಡಿಯ ಎದುರಿನ ಮನೆಯವರನ್ನು ವಿಚಾರಿಸಿದಳು. ಬುಕ್ಕಾಂಬುಧಿಯಲ್ಲಿ ಅವನು ರಿಪೇರಿ ಮಾಡಿದ್ದ ಮೋಟಾರು ಓಡುತ್ತಿದೆಯೇ ಎಂದು ಕಿವಿಯಾರೆ ಕೇಳಿ ಬಂದಳು. ಮದುವೆ ಕಾರ್ತೀಕದಲ್ಲಿ ಆಯಿತು. ನಮ್ಮ ತೋಟಕ್ಕೆ ಕರೆಂಟು ಬಂದದ್ದು ಸರ್ಕಾರ ಬದಲಾದ ಮೇಲೆ, ಯಾರ ಶಿಫಾರಸೂ ಇಲ್ಲದೆ. ನಾಗರಾಜ ಮಾವನೇ ಬಂದು ಪಂಪು ಕೂರಿಸಿದ. “ಅಳಿಯಂದ್ರು ಗಟ್ಟಿಗ್ರು ಬಿಡಿ” ಎಂದು ಯಾರೋ ಅಂದರೆ, “ನೀರು ಬರ್ಲಿ, ಆಮೇಲೆ ಹೇಳ್ತೀನಿ” ಎಂದು ಅಜ್ಜಿ ಪೈಪಿನ ಬಾಯಿಗೇ ಕಣ್ಣು ನೆಟ್ಟು ನಿಂತಳು. ನೀರು ಬಂತು. ಅಜ್ಜಿಯ ಸೀರೆಯೆಲ್ಲ ನೆನೆಯಿತು.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಈಗ ನಟನಟಿಯರು, ಮಂತ್ರಿಗಳು ದಿನವಿಡೀ ನಮ್ಮ ಅಂಗೈಯಲ್ಲೇ ಇರುತ್ತಾರೆ. ಅವರ ಮಾತನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ನಂಬುವುದಿಲ್ಲ ಅಷ್ಟೇ, ಎದ್ದು ಹೋಗಿ ನೋಡಿಕೊಂಡು ಬರುವುದಿಲ್ಲ. ಒಂದು ತಪ್ಪು ಕಂಡರೆ ಸಾಕು, ಆ ಮನುಷ್ಯನನ್ನು ಅಲ್ಲಿಗೇ ಮುಗಿಸಿಬಿಡುತ್ತೇವೆ. ಎದುರಿಗೆ ಬಂದು ಕೂತು ತಪ್ಪಾಯಿತು ಅನ್ನುವವನನ್ನು ಕಂಡರಂತೂ ನಮಗೆ ಇನ್ನಷ್ಟು ಅನುಮಾನ. ಅತ್ತೆ ಅವತ್ತು ಅಂಥವನೊಬ್ಬನನ್ನು ನಂಬಿ ಬದುಕನ್ನೇ ಕೊಟ್ಟಳು. ಅಷ್ಟು ಧೈರ್ಯ ನಮ್ಮ ಮನೆಯಲ್ಲಿ ಈಗ ಯಾರಿಗೂ ಉಳಿದಿಲ್ಲ. ನನಗೂ.