ಪೀಠದಿಂದ ಸೂಪಿನ ಹಂಡೆಯವರೆಗೆ

ಗೆಳೆಯರೇ, ಇವತ್ತು ಇಲ್ಲಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಚರ್ಚಿನಲ್ಲಿ ನಮ್ಮತ್ತೆ ಫಾದರ್ ಎದುರು ಪಟ್ಟು ಹಿಡಿದು ನಿಂತರು. ಮಂಗಳೂರಿನ ಕಡೆ ಕುಷ್ಠರೋಗಿಗಳ ಗಾಯ ತೊಳೆಯುತ್ತಲೇ ಮುದುಕರಾಗಿ ತೀರಿಕೊಂಡ ನಮ್ಮೂರ ಪಾದ್ರಿಯೊಬ್ಬರ ಕಪ್ಪುಬಿಳುಪು ಫೋಟೋವನ್ನು ಅತ್ತೆ ಸೀರೆಯಲ್ಲಿ ಸುತ್ತಿ ತಂದಿದ್ದರು. ಇವತ್ತು ಆ ಪಾದ್ರಿಯವರ ಪುಣ್ಯತಿಥಿ. ಪೂಜೆಗೆ ಮೊದಲೇ ಫೋಟೋವನ್ನು ಬಲಿಪೀಠದ ಮೇಲಿಟ್ಟು ಹೂಮಾಲೆ ಹಾಕಿಬಿಟ್ಟರು.

ಫಾದರ್ ಬಂದು, "ರೋಮ್ ಇವರನ್ನು ಸಂತರೆಂದು ಘೋಷಿಸಿಲ್ಲ. ಇಲ್ಲಿ ಇಡುವ ಹಾಗಿಲ್ಲ" ಎಂದರು. ಆ ಇಂಗ್ಲಿಷನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ನನ್ನತ್ತ ತಿರುಗಿ ಅಂದರು:

"ರೋಮಿನವರು ನಿಧಾನಕ್ಕೆ ಮಾಡ್ಲಿ, ನಂಗೆ ಅರ್ಜೆಂಟಿಲ್ಲ. ಆದ್ರೆ ಇವತ್ತು ಇವರನ್ನು ವಾಪಸ್ ಮನೆಗೆ ಕೊಂಡೋಗುದಿಲ್ಲ ಮಾರಾಯ್ತಿ."

ಫೋಟೋ ಎತ್ತಿಕೊಂಡು ನೇರ ನೆಲಮಾಳಿಗೆಗೆ ಇಳಿದರು. ಮನೆಯಿಲ್ಲದವರಿಗೆ ಭಾನುವಾರ ಸೂಪ್ ಬಡಿಸುವುದು ಅಲ್ಲೇ. ಹಂಡೆಯ ಹಿಂದೆ ಫೋಟೋ ನಿಲ್ಲಿಸಿ, "ಊರಲ್ಲೂ ಇವರು ಇರ್ತಿದ್ದದ್ದು ಇಂಥ ಕಡೆಯೇ" ಎಂದರು.

ಮಧ್ಯಾಹ್ನ ಬಡಿಸಲು ಬಂದವರು ಅದೇ ಫಾದರ್. ಸಾಲುವುದಿಲ್ಲವೆಂದು ಸದಾ ಅರ್ಧ ಸೌಟು ಹಾಕುವವರು ಒಮ್ಮೆ ಫೋಟೋ ನೋಡಿದರು, ಒಮ್ಮೆ ಅತ್ತೆಯನ್ನು ನೋಡಿದರು. ಆಮೇಲೆ ಸಾಲಿನ ಕೊನೆಯವರಿಗೂ ತುಂಬು ಸೌಟೇ.

ಸಂತರೆನ್ನಲು ರೋಮಿಗೆ ಪವಾಡದ ಸಾಕ್ಷಿ ಬೇಕಂತೆ. ಇವತ್ತು ಸೂಪಿಗೆ ಸಾಲು ನಿಂತಿದ್ದವರನ್ನು ಕೇಳಲಿ.