ಬಸ್ಸಿನ ಹಿಂದೆ ಓಡದ ಕುದುರೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಉಡುಪಿ–ಮಂಗಳೂರು ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದೆ. ಒಂದು ಬೆಳಿಗ್ಗೆ ಕಾಪು ದಾಟಿದ ಮೇಲೆ ಒಬ್ಬರು ಕುದುರೆ ಸವಾರರನ್ನು ಹಿಂದೆ ಹಾಕಿದೆ. ತಕ್ಷಣ ಆ ಕುದುರೆ ಪಂದ್ಯಕ್ಕೆ ಬಿದ್ದಂತೆ ಬಸ್ಸಿನ ಪಕ್ಕದಲ್ಲೇ ನಾಗಾಲೋಟ ಹೂಡಿತು. ಚಕ್ರದಡಿ ಬಿದ್ದೀತೆಂದು ಹೆದರಿ ಬ್ರೇಕ್ ಹಾಕಿದೆ.

ಸವಾರರು ಉಚ್ಚಿಲದ ಹಸನಬ್ಬ, ಮಿಲಿಟರಿಯಲ್ಲಿ ಕುದುರೆ ಪಳಗಿಸಿ ನಿವೃತ್ತರಾದವರು. ಬೈಯುತ್ತಾರೆ ಅಂದುಕೊಂಡೆ. ಅವರು, "ಡ್ರೈವರೇ, ನಾಳೆಯೂ ಹೀಗೇ ಓವರ್‌ಟೇಕ್ ಮಾಡ್ತೀರಾ?" ಎಂದರು.

"ಎಂತ ಮಾರಾಯ್ರೇ, ಸಾಯ್ಲಿಕ್ಕುಂಟಾ?"

"ಇವಳ ಮೇಲೆ ಕಾರ್ಕಳಕ್ಕೆ ಹೋಗಿ ಅದೇ ದಿನ ವಾಪಸು ಬರ್ಬೇಕಂತ ಆಸೆ ಉಂಟು. ಕಂಡ ಬಸ್ಸಿನ ಹಿಂದೆಲ್ಲ ಓಡಿದರೆ ಅರ್ಧ ದಾರಿಯಲ್ಲೇ ಬೀಳ್ತಾಳೆ. ಮುಂದೆ ಹೋಗುವವರನ್ನು ಹೋಗಲು ಬಿಡ್ಲಿಕ್ಕೆ ಕಲೀಬೇಕು."

ಅಂದಿನಿಂದ ದಿನವೂ ನಿಧಾನವಾಗಿ, ಸ್ವಲ್ಪ ದೂರದಿಂದ ಹಿಂದೆ ಹಾಕಿದೆ. ಅವಳು ನುಗ್ಗಿದಾಗ ಹಸನಬ್ಬ ಲಗಾಮು ಜಗ್ಗುತ್ತಿರಲಿಲ್ಲ. ಒಂದು ಸುತ್ತು ತಿರುಗಿಸಿ, ಕುತ್ತಿಗೆ ಸವರಿ, ಮತ್ತೆ ನಡೆಸುತ್ತಿದ್ದರು.

ಒಂದು ತಿಂಗಳ ಮೇಲೆ ಒಂದು ದಿನ ನಾನು ತೀರಾ ಪಕ್ಕದಲ್ಲೇ ಹಾದುಹೋದೆ. ಕುದುರೆಯ ಮೈ ಒಮ್ಮೆ ನಡುಗಿತು, ಕಿವಿ ನನ್ನ ಕಡೆ ತಿರುಗಿತು. ಹೆಜ್ಜೆಯ ಲಯ ಮಾತ್ರ ತಪ್ಪಲಿಲ್ಲ. ಲಗಾಮು ಅವರ ಕೈಯಲ್ಲಿ ಸಡಿಲವಾಗಿ ಜೋಲುತ್ತಿತ್ತು. ಅಷ್ಟು ಬಲವಿದ್ದೂ ಓಡದೆ ಉಳಿದ ಆ ಪ್ರಾಣಿಯನ್ನು ಕಂಡು ನನ್ನ ಮೈ ಜುಮ್ಮೆಂದಿತು.

ಅವರು ಕಾರ್ಕಳಕ್ಕೆ ಹೋಗಿ ಸಂಜೆಯೊಳಗೆ ಮರಳಿದ ಸುದ್ದಿಯನ್ನು ಉಚ್ಚಿಲದ ಸ್ಟಾಪಿನಲ್ಲಿ ಕೇಳಿ ಖುಷಿಪಟ್ಟೆ. ಅಲ್ಲಿಂದ ಹೊರಟದ್ದೇ ತಡ, ಇನ್ನೊಂದು ಬಸ್ಸು ನನ್ನನ್ನು ಹಿಂದೆ ಹಾಕಿತು. ನನ್ನ ಕಾಲು ಆಕ್ಸಿಲರೇಟರ್ ಒತ್ತಿಯೇ ಬಿಟ್ಟಿತು. ಪ್ರಯಾಣಿಕರು ಬೇರೆ, "ಬಿಡಬೇಡಿ ಡ್ರೈವರೇ!" ಎಂದು ಕೂಗುತ್ತಿದ್ದರು.