ಕಂಬಿ ಮುರಿಯುವುದನ್ನು ಕಾಯುವ ಕೆಲಸ

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ಅವರಿಗೆ ಎಷ್ಟು ಪುರುಸೊತ್ತಿದೆ ಎಂದು ನಾನು ಮೊದಲು ನೋಡುತ್ತಿದ್ದೆ. ಅವಸರದವರಿಗೆ ‘ಸೈಂಟಿಸ್ಟ್’ ಎಂದರೆ ಸಾಕಿತ್ತು. ಬಿಡುವಿದ್ದವರಿಗೆ ಮಾತ್ರ ನಿಜ ಹೇಳಬೇಕಾಗುತ್ತಿತ್ತು: ಪಿಎಚ್‌ಡಿ ಮುಗಿಸಿ ರಾಷ್ಟ್ರೀಯ ಪ್ರಯೋಗಾಲಯವೊಂದರಲ್ಲಿ ಪೋಸ್ಟ್‌ಡಾಕ್ ಆಗಿದ್ದೇನೆ, ಅಂದರೆ ವಿದ್ಯಾರ್ಥಿನಿಯೂ ಅಲ್ಲ, ಖಾಯಂ ನೌಕರಳೂ ಅಲ್ಲ.

ಅಮೃತಹಳ್ಳಿಯ ನಮ್ಮ ಮನೆ ಓನರ್ ನಂಜಮ್ಮನವರಿಗೆ ಬಿಡುವು ಧಾರಾಳ. ಸೊಪ್ಪು ಬೆಳೆಯುತ್ತಿದ್ದ ಹೊಲದಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿ, ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ.

“ಅಲ್ಲಿ ಏನ್ ಮಾಡ್ತೀಯವ್ವಾ?”

“ಲೋಹದ ಕಂಬೀನ ಕುಲುಮೇಲಿಟ್ಟು, ಭಾರ ನೇತಾಕಿ, ಯಾವಾಗ ಮುರಿಯುತ್ತೆ ಅಂತ ಕಾಯ್ತೀನಿ ಅಮ್ಮ.”

“ಇಂಗೆ ಕಾಯಕ್ಕೂ ಸಂಬಳ ಕೊಡ್ತಾರಾ? ನಾನೇ ಬಂದು ಕೂತ್ಕತೀನಿ ಬಿಡು!”

ಅಷ್ಟು ಸುಲಭವಲ್ಲ. ವಿಮಾನದ ಎಂಜಿನ್ನಿನ ಲೋಹ ಕಾದು ಕೆಂಪಾಗಿ ಎಳೆತಕ್ಕೆ ಸಿಕ್ಕಾಗ, ಪುಸ್ತಕ ಹೊತ್ತ ಹಲಗೆ ವರ್ಷಗಳಲ್ಲಿ ಜಗ್ಗುವ ಹಾಗೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹಿಗ್ಗುತ್ತದೆ. ಎಷ್ಟು ಕಾಲ ತಾಳುತ್ತದೆಂದು ತಿಳಿಯದೆ ಅದನ್ನು ಆಕಾಶಕ್ಕೆ ಕಳಿಸುವಂತಿಲ್ಲ. ಬೇಗ ಮುರಿದರೆ ಲೋಹ ಕೆಟ್ಟದ್ದು; ತಡವಾದರೆ ನನ್ನ ಗತಿ ಕೆಟ್ಟದ್ದು. ನನ್ನ ಗುತ್ತಿಗೆ ಮಾರ್ಚಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ನಾನು ಯಂತ್ರಕ್ಕೇರಿಸಿದ್ದ ಕಂಬಿ ಮುರಿದರೆ ಒಂದು ಪೇಪರ್ ಬರೆಯಬಹುದು, ಖಾಯಂ ಹುದ್ದೆಯ ಸಂದರ್ಶನದಲ್ಲಿ ತಲೆಯೆತ್ತಿ ಮಾತಾಡಬಹುದು.

ನಮ್ಮಲ್ಲೊಂದು ಪದ್ಧತಿಯಿದೆ. ಕಂಬಿ ಏರಿಸಿದವರ ಹೆಸರಿನ ಚೀಟಿಯನ್ನು ಯಂತ್ರಕ್ಕೆ ಅಂಟಿಸುತ್ತಾರೆ. ಅವರು ಕೆಲಸ ಬಿಟ್ಟು ಹೋದರೂ ಅದು ಮುರಿಯುವ ತನಕ ಚೀಟಿ ಕೀಳುವಂತಿಲ್ಲ. ಮುರಿದ ದಿನ ಅವರಿಗೆ ಫೋನ್ ಮಾಡಬೇಕು. ನಾನು ಸೇರಿದ ಹೊಸದರಲ್ಲಿ, ಹಿಂದೆ ಇದ್ದವರೊಬ್ಬರ ಕಂಬಿ ಮುರಿಯಿತು. ಆಗ ಅವರು ಬೇರೆ ಯಾವುದೋ ಊರಿನ ಕೋಚಿಂಗ್ ಸೆಂಟರಿನಲ್ಲಿ ಪಾಠ ಮಾಡುತ್ತಿದ್ದರು. ಫೋನ್ ಮಾಡಿದ್ದು ನಾನೇ.

“ಎಲ್ಲಿ ಮುರೀತು?” ಎಂದರು. ನಡುವೆ ಮುರಿದರೆ ಲೆಕ್ಕಕ್ಕುಂಟು, ಹಿಡಿಕೆಯ ಹತ್ತಿರವಾದರೆ ಪರೀಕ್ಷೆಯೇ ವ್ಯರ್ಥ.

“ನಡುವೇನೇ ಸರ್.”

ಅದನ್ನೇ ನನ್ನಿಂದ ಇನ್ನೆರಡು ಸಲ ಹೇಳಿಸಿದರು. ಆಮೇಲೆ, “ತುಂಬಾ ಥ್ಯಾಂಕ್ಸ್ ಕಣ್ರೀ” ಎಂದರು. ಒಂದು ಕಂಬಿಗೆ ಇಷ್ಟೊಂದೇ ಎಂದು ಅವತ್ತು ನನಗೆ ನಗು ಬಂದಿತ್ತು.

ಫೆಬ್ರವರಿಯಲ್ಲಿ ನಗು ಪೂರ್ತಿ ನಿಂತಿತು. ಯಂತ್ರದ ಮುಂದೆ ನಿಂತು, “ಮುರಿಯೇ ತಾಯಿ” ಎಂದು ಬೇಡಿಕೊಳ್ಳುತ್ತಿದ್ದೆ. ಅದುರಿದರೆ ಪರೀಕ್ಷೆ ಕೆಡುತ್ತದೆಂದು, ಬಾಗಿಲು ಜೋರಾಗಿ ಹಾಕಿದರೂ ಬೈಸಿಕೊಳ್ಳುವ ಕೋಣೆಯದು. ಅಂಥಲ್ಲಿ ಒಂದು ದಿನ, ಆ ಭಾರವನ್ನು ಮೆಲ್ಲಗೆ ಒದ್ದುಬಿಡಲೇ ಅನ್ನಿಸಿತು. ಒದೆಯಲಿಲ್ಲ. ನನ್ನ ಪ್ರಾಮಾಣಿಕತೆಯನ್ನು ಹೊಗಳಬೇಡಿ, ಮೇಲೆ ಕ್ಯಾಮೆರಾ ಇತ್ತು.

ಮಾರ್ಚ್ ಬಂತು. ಗುತ್ತಿಗೆ ಮುಂದುವರಿಯಲಿಲ್ಲ, ಕಂಬಿಯೂ ಮುರಿಯಲಿಲ್ಲ. ನನ್ನ ಜಾಗಕ್ಕೆ ಬಂದ ಹುಡುಗಿಗೆ ಫೋನ್ ನಂಬರ್ ಕೊಟ್ಟು ಹೊರಟೆ. ದಾರಿಯಲ್ಲಿ ಅಳು ಬಂತು. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಲ್ಲೇ ನಿಂತಿದ್ದರಿಂದ ಸಾವಕಾಶವಾಗಿ ಅತ್ತೆ.

ಈಗ ಮತ್ತಿಕೆರೆಯ ಕಡೆ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮನೆ ಬದಲಿಸಿಲ್ಲ. ನಂಜಮ್ಮನವರು ನನ್ನ ನೌಕರಿಯ ಸುದ್ದಿ ಎತ್ತುವುದೇ ಇಲ್ಲ. ಸಂಜೆ ಗೇಟು ತೆಗೆಯುತ್ತಿದ್ದ ಹಾಗೆ ಅವರದು ಒಂದೇ ಪ್ರಶ್ನೆ:

“ಮುರೀತೇನವ್ವಾ?”

“ಇನ್ನೂ ಇಲ್ಲ ಅಮ್ಮ.”

“ಒಳ್ಳೇ ಗಟ್ಟಿ ಪಿಂಡ ಕಣವ್ವಾ ಅದು!”

ಮೊದಮೊದಲು ಆ ಉತ್ತರ ಹೇಳುವಾಗ ನನ್ನ ಮುಖ ಸಪ್ಪಗಾಗುತ್ತಿತ್ತು. ಈಚೀಚೆಗೆ, ಅದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆಯಂತೆ. ನಂಜಮ್ಮನವರೇ ಹೇಳಿದ್ದು.